ಹಾಡು ಕೆಟ್ಟ ಬುಧವಾರ

ಟೊಲೀಡೊ ಊರಿನ ಅಂಚು. ಮುನ್ನೂರು ಕಾರು ನಿಲ್ಲುವ ಬಯಲು,
ಬಯಲಿನ ಕೊನೆಗೆ ನಮ್ಮ ದಿನಸಿ ಅಂಗಡಿ.
ನಾಲ್ಕನೆಯ ಗಲ್ಲಾ ನನ್ನದು, ಹನ್ನೊಂದು ವರ್ಷದಿಂದ.
ಎದೆಯ ಬಿಲ್ಲೆಯಲ್ಲಿ ನಜ್ಲಾ ಅಂತಿದೆ.
ನಾಜಿಲ್, ನಜಾಲಿಯಾ, ಹನಿ:
ಕರೆದಂತೆ ಓಗೊಡುತ್ತೇನೆ.

ಹಾಡು ಬರುವುದು ಮೇಲಿನಿಂದ,
ಚಾವಣಿಯ ತೂತುಬಿಲ್ಲೆಗಳಿಂದ, ಹಿಟ್ಟು ಜರಡಿ ಹಿಡಿದಂತೆ.
ಯಾರು ಹಾಡಿದ್ದು, ಯಾರಿಗೆ, ಯಾರೂ ಕೇಳಿಲ್ಲ.
ಬೆಳಿಗ್ಗೆ, ಮುದುಕರು ಬರುವ ಹೊತ್ತಿಗೆ, ವಿಳಂಬ ಕಾಲ;
ಕಾಲು ಎಳೆದಷ್ಟೂ ಕೈ ಉದ್ದವಾಗುತ್ತದಂತೆ.
ಶನಿವಾರ ಸಂಜೆ ಸಾಲು ಬಾಗಿಲ ತನಕ ಬೆಳೆದಾಗ ದ್ರುತ;
ಬೇಗ ತಗೊಳ್ಳಿ, ಬೇಗ ಕೊಡಿ, ಬೇಗ ನಡೆಯಿರಿ.
ಇದನ್ನೆಲ್ಲ ಹೇಳಿದ್ದು ಮ್ಯಾನೇಜರ್ ಡ್ವೇನ್,
ಮುಖ್ಯ ಕಚೇರಿಯಿಂದ ಬಂದ ಹಾಳೆ ತೋರಿಸಿ,
ಗುಟ್ಟು ಬಿಚ್ಚುವವನ ದನಿಯಲ್ಲಿ.

ನಾನು ಹಾಳೆ ಓದಿದವಳಲ್ಲ, ಬುಟ್ಟಿ ಓದಿದವಳು.
ಹಾಲಿಗೆಂದು ಬಂದವರು
ಮೇಣದ ಬತ್ತಿ, ಅನಾನಸಿನ ಡಬ್ಬಿ,
ಬೆಕ್ಕಿಲ್ಲದ ಮನೆಗೆ ಬೆಕ್ಕಿನ ಬಟ್ಟಲು
ಎಲ್ಲ ಬೆಲ್ಟಿನ ಮೇಲೆ ಸುರಿದು
ಅಯ್ಯೋ, ಹಾಲು! ಎಂದು ಓಡುವುದನ್ನು
ದಿನಕ್ಕೆ ಮೂರು ಸಲ ನೋಡಿದವಳು.

ಆ ಬುಧವಾರ ಹತ್ತೂಕಾಲಿಗೆ,
ಮತ್ತೆ ಬಾ ಎನ್ನಲು ಹೊರಟ ಮೇಲಿನ ಹೆಂಗಸು
ಮತ್ತೆ ಎಂದಲ್ಲಿಗೇ ನಿಂತಳು.

ಮೊದಲು ಕೇಳಿದ್ದು ಫ್ರಿಜ್ಜುಗಳು,
ಗೋಡೆಯುದ್ದಕ್ಕೂ, ನಿದ್ದೆಯಲ್ಲಿ ಹಲ್ಲು ಕಡಿಯುವ ಹಾಗೆ.
ಆಮೇಲೆ ದೀಪದ ಕೊಳವೆಗಳು.
ಆಮೇಲೆ ತಳ್ಳುಗಾಡಿಯೊಂದರ ಚಕ್ರ: ಕಿರ್ರ್, ಕಿರ್, ಕಿರ್ರ್.
ಹನ್ನೊಂದು ವರ್ಷದಿಂದ ಹೀಗೇ ಅಳುತ್ತಿತ್ತೆ ಇದು?
ಜನ ದನಿ ತಗ್ಗಿಸಿದರು,
ಸಾವಿನ ಮನೆಯಲ್ಲಿ ಈರುಳ್ಳಿ ಆರಿಸುವವರಂತೆ.
ಬುಟ್ಟಿಯಲ್ಲಿ ಚೀಟಿಯಲ್ಲಿದ್ದಷ್ಟೇ.
ಒಬ್ಬಾಕೆ ಎತ್ತಿದ ಚೆರ್ರಿ ಕೇಕಿನ ಪ್ಲಾಸ್ಟಿಕ್ಕು ಕರಕರ ಅಂದದ್ದೇ ತಡ,
ಕದ್ದು ಸಿಕ್ಕಿಬಿದ್ದವಳಂತೆ ವಾಪಸಿಟ್ಟಳು.
ಡ್ವೇನ್ ಫೋನಿನಲ್ಲಿ: ಹೌದು, ಆಫ್ ಮಾಡಿ ಆನ್ ಮಾಡಿದೆ, ಹೌದು.
ಅವನ ಪಿಸುಮಾತು ಮಾಂಸದ ಕೌಂಟರಿನ ತನಕ ಕೇಳಿತು.

ಆಗ ಏಳನೆಯ ಸಾಲಿನಲ್ಲಿ, ಸೂಪಿನ ಡಬ್ಬಿಗಳ ನಡುವೆ
ಸಿಳ್ಳೆ.
ಮೂರೇ ಸ್ವರ. ಎರಡು ಮೇಲಕ್ಕೆ, ಒಂದು ಕೆಳಕ್ಕೆ.
ಝೆನೋನ್ ಮುಸ್ಯಾಲ್, ಎಂಬತ್ತು ದಾಟಿದವರು.
ಗಾಡಿ ಅಡ್ಡ ಬಿಟ್ಟು ಫೋನು ತಿಕ್ಕುತ್ತ ನಿಂತ ಹುಡುಗನಿಗೆ
ದಾರಿ ಬಿಡಪ್ಪ ಅನ್ನುವ ಮೊದಲೇ ತುಟಿಗೆ ಬಂದದ್ದು.
ಹುಡುಗ ಅಲ್ಲಾಡಲಿಲ್ಲ.
ಆದರೆ ಚೀಸಿನ ಹತ್ತಿರ, ಸೊಂಟಕ್ಕೆ ಸ್ಟೀಲು ಹಾಕಿಸಿಕೊಂಡ ಬರ್ನಡೀನ್
ಚಕ್ಕನೆ ಎಡಕ್ಕೆ ಸರಿದಳು.
ಮೊಟ್ಟೆಯ ಹತ್ತಿರ ಲಾಯೋಶ್, ತಿರುಗಿಯೂ ನೋಡದೆ,
ಎಡಕ್ಕೆ, ಡಜನ್ ಮೊಟ್ಟೆಯ ಸಮೇತ.

ಗಾಜಿನ ಕಾರ್ಖಾನೆಯ ಸಿಳ್ಳೆ ಅದು.
ಕುಲುಮೆಯ ಗದ್ದಲದಲ್ಲಿ ಮಾತು ನಡೆಯದು.
ಬೆನ್ನ ಹಿಂದೆ ಕೆಂಡದಂಥ ಗಾಜು ಬರುತ್ತಿದೆ, ಸರಿ, ಎಡಕ್ಕೆ ಸರಿ
ಅಷ್ಟೂ ಆ ಮೂರರಲ್ಲಿ.
ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ.
ಕಾಲುಗಳಿಗೆ ಯಾರೂ ಹೇಳಿರಲಿಲ್ಲ.

ಬರ್ನಡೀನ್ ಎರಡು ಸ್ವರದಲ್ಲಿ ಮರುಸಿಳ್ಳೆ ಹಾಕಿದಳು: ದಾಟಿತು, ಬಾ.
ಮೂವರೂ ಚೀಸಿಗೆ ಅಡ್ಡ ನಿಂತು ನಲವತ್ತು ನಿಮಿಷ ಮಾತಾಡಿದರು.
ಯಾರ ಬೆರಳು ಹೋಯಿತು, ಯಾರ ಮದುವೆ ಮುರಿಯಿತು,
ಫೋರ್ಮನ್ನನ ಊಟದ ಡಬ್ಬಿಗೆ ಯಾರು ಮೊಳೆ ಹೊಡೆದದ್ದು.
ಕೊಂಡದ್ದು ಒಂದು ಚೀಸು, ನಾಲ್ಕು ಬಾಳೆಹಣ್ಣು, ಅವೇ ಮೊಟ್ಟೆ.
ಇಷ್ಟು ಹೊತ್ತು ನಿಂತವರು ಇಷ್ಟೇ ಕೊಂಡದ್ದು
ಯಾವ ಹಾಳೆಯಲ್ಲೂ ಇರಲಿಲ್ಲ.
ಡ್ವೇನ್ ಗಡಿಯಾರ ನೋಡಿದ, ಅವರನ್ನು ನೋಡಿದ, ಸುಮ್ಮನಾದ.

ಗುರುವಾರ ರಿಪೇರಿಯವನು ಏಣಿ ಹತ್ತಿ ಇಳಿದ.
ಅದೇ ಹೆಂಗಸು, ಮತ್ತೆ ಮೊದಲಿಂದ.
ಅವಳ ಅಡಿಯಲ್ಲಿ ಚಕ್ರ ಇನ್ನೂ ಕೇಳುತ್ತದೆ, ನನಗೆ.

ನಿನ್ನೆ ಆ ಹುಡುಗ ಬಂದ, ಚೂಯಿಂಗ್ ಗಮ್ಮಿಗೆ.
ಜೇಬಿನಲ್ಲಿ ಚಿಲ್ಲರೆ ತಡಕುತ್ತ, ತನಗೇ ಗೊತ್ತಿಲ್ಲದೆ,
ಆ ಮೂರು ಸ್ವರ ಊದಿದ. ಮೂರನೆಯದು ತಪ್ಪು.
ಕುಲುಮೆ ಕಂಡವಳಲ್ಲ ನಾನು.
ಆದರೂ ಗಲ್ಲಾದ ಹಿಂದೆ, ಇದ್ದಷ್ಟೇ ಜಾಗದಲ್ಲಿ,
ಒಂದು ಹೆಜ್ಜೆ ಎಡಕ್ಕೆ ಹೋಗಿತ್ತು.

ಒಂದು ಡಾಲರ್ ನಲವತ್ತು, ಅಂದೆ.